ಆಸ್ಟ್ರೇಲಿಯಾದಲ್ಲಿ ಕೆಲಸ ಹೋದರೆ ಮೊದಲು ಕ್ಯಾಲೆಂಡರ್ ನೋಡಿ

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ. ಕಾವಲಿ ಕಾದಿತ್ತು, ಮೊದಲನೇ ದೋಸೆ ಹುಯ್ಯಬೇಕು, ಅಷ್ಟರಲ್ಲಿ ಫೋನ್ ಬಂತು. ಮೆಲ್ಬರ್ನ್‌ನ ನಮ್ಮ ಟಾರ್ನೀಟ್‌ನಲ್ಲೇ ಎರಡು ಬೀದಿ ಆಚೆ ಇರುವ ದಾವಣಗೆರೆ ಕಡೆಯ ಹುಡುಗ.

“ಅಣ್ಣ, ಕೆಲಸ ಹೋಯ್ತು.”

“ಯಾವತ್ತು?”

“ಹದಿನೆಂಟು ದಿನ ಆಯ್ತಣ್ಣ. ಇದು ಸರಿಯಿಲ್ಲ ಅಂತ ಎಚ್‌ಆರ್‌ಗೆ ಉದ್ದಕ್ಕೆ ಮೇಲ್ ಬರ್ದಿದ್ದೀನಿ. ಮುಂದಿನ ವಾರ ಉತ್ತರ ಕೊಡ್ತೀವಿ ಅಂದಿದ್ದಾರೆ. ಅದು ಬಂದ ಮೇಲೆ ನೋಡೋಣ ಅಂತ.”

ನಾನು ಒಲೆ ಆರಿಸಿದೆ. ಸ್ವಲ್ಪ ಬೈದೆ ಕೂಡ. ಲ್ಯಾಪ್‌ಟಾಪ್ ಎತ್ಕೊಂಡು ಈ ಕ್ಷಣ ಮನೆಗೆ ಬಾ ಅಂದೆ. ಅವನಿಗೆ ನನ್ನ ಗಾಬರಿ ಅರ್ಥ ಆಗಲಿಲ್ಲ. ಹನ್ನೊಂದು ವರ್ಷದ ಹಿಂದೆ ನನಗೂ ಅರ್ಥ ಆಗಿರಲಿಲ್ಲ.

ಈ ಬರಹ ಅದಕ್ಕೇ. ಒಂದೇ ತಪ್ಪನ್ನು ಒಬ್ಬರಾದ ಮೇಲೊಬ್ಬರು ಮಾಡುವುದನ್ನು ನೋಡಿ ನೋಡಿ ಸಾಕಾಗಿದೆ. ವಾರಕ್ಕೆ 38 ಗಂಟೆ ಕೆಲಸ, ವರ್ಷಕ್ಕೆ ನಾಲ್ಕು ವಾರ ರಜೆ, ಹತ್ತು ದಿನ ಸಿಕ್ ಲೀವ್, ಸೂಪರ್ ಅಂದರೆ ನಮ್ಮ ಪಿಎಫ್ ಥರದ ನಿವೃತ್ತಿ ದುಡ್ಡು 12 ಪರ್ಸೆಂಟ್, 2025ರ ಜುಲೈ 1ರಿಂದ ಕನಿಷ್ಠ ಸಂಬಳ ಗಂಟೆಗೆ 24.95 ಡಾಲರ್, ಇದೆಲ್ಲ ನಿಮಗೆ ಗೊತ್ತೇ ಇದೆ, ವಾಟ್ಸಾಪ್ ಗುಂಪುಗಳಲ್ಲಿ ದಿನಾ ತೇಲಿಬರುತ್ತೆ. ಅದನ್ನು ಬಿಟ್ಟುಬಿಡ್ತೀನಿ. ಯಾರೂ ಹೇಳದೇ ಇರುವುದು ಬೇರೆ ಇದೆ.

ನಿಮ್ಮನ್ನು ಅನ್ಯಾಯವಾಗಿ ಕೆಲಸದಿಂದ ತೆಗೆದರು ಅಂತ ಅನ್ನಿಸಿದರೆ ಕೆಲಸದ ವ್ಯಾಜ್ಯ ತೀರ್ಮಾನ ಮಾಡುವ ಇಲ್ಲಿನ ಸಂಸ್ಥೆ ಫೇರ್ ವರ್ಕ್ ಕಮಿಷನ್‌ಗೆ ಅರ್ಜಿ ಹಾಕಬೇಕು. ಅದಕ್ಕಿರುವುದು ಇಪ್ಪತ್ತೊಂದೇ ದಿನ. ಕೆಲಸದ ದಿನಗಳ ಲೆಕ್ಕ ಅಲ್ಲ. ಶನಿವಾರ, ಭಾನುವಾರ, ಹಬ್ಬ, ಜ್ವರ ಎಲ್ಲ ಸೇರಿ ಇಪ್ಪತ್ತೊಂದು. ಇಪ್ಪತ್ತೊಂದನೇ ದಿನ ರಾತ್ರಿ ಹನ್ನೆರಡರೊಳಗೆ ಅರ್ಜಿ ಸೇರಿರಬೇಕು. ಆಮೇಲೆ ನಿಮ್ಮ ಕೇಸು ಎಷ್ಟೇ ಗಟ್ಟಿಯಾಗಿದ್ದರೂ ಬಾಗಿಲು ಹಾಕಿದ ಹಾಗೇ.

ನನ್ನದು ಹೇಳ್ತೀನಿ ಕೇಳಿ. 2015ರ ಫೆಬ್ರವರಿ 12, ಗುರುವಾರ. ಮಧ್ಯಾಹ್ನ ಮೂರೂವರೆಗೆ ಒಂದು ಮೀಟಿಂಗ್ ಬಂತು, ವಿಷಯ ಏನೂ ಬರೆದಿರಲಿಲ್ಲ. ಒಳಗೆ ಹೋದರೆ ಮ್ಯಾನೇಜರ್ ಪಕ್ಕ ಎಚ್‌ಆರ್ ಹೆಂಗಸು, ಮೇಜಿನ ಮೇಲೆ ಟಿಶ್ಯೂ ಡಬ್ಬಿ. ಆ ಡಬ್ಬಿ ನೋಡಿದಾಗಲೇ ಗೊತ್ತಾಗಬೇಕಿತ್ತು. ನಿಮ್ಮ ಹುದ್ದೆ ರಿಡಂಡಂಟ್ ಆಗಿದೆ, ಅಂದರೆ ಆ ಹುದ್ದೆಯೇ ಇನ್ನು ಬೇಕಿಲ್ಲ, ಇವತ್ತೇ ಕೊನೇ ದಿನ, ನೋಟಿಸ್ ಅವಧಿಯ ಸಂಬಳ ದುಡ್ಡಾಗಿ ಕೊಡ್ತೀವಿ ಅಂದರು. ನಾನು ಸೇರಿ ಎರಡು ವರ್ಷ ಮೂರು ತಿಂಗಳಾಗಿತ್ತು. ಕಾನೂನಿನ ಪ್ರಕಾರ ಎರಡು ವಾರದ ನೋಟಿಸ್, ಆರು ವಾರದ ರಿಡಂಡೆನ್ಸಿ ದುಡ್ಡು. ಅದನ್ನು ಸರಿಯಾಗೇ ಕೊಟ್ಟರು. ಹೊರಡುವಾಗ ಆಕೆ ಬಹಳ ಪ್ರೀತಿಯಿಂದ, ಏನಾದರೂ ಬೇಸರ ಇದ್ದರೆ ನಮಗೆ ಬರೆಯಿರಿ, ಪರಿಶೀಲಿಸುತ್ತೇವೆ ಅಂದಳು.

ನಾನು ಬರೆದೆ. ನಾಲ್ಕು ಪುಟ! ಹತ್ತೊಂಬತ್ತನೇ ದಿನ ಉತ್ತರ ಬಂತು, ಇನ್ನೂ ಪರಿಶೀಲನೆಯಲ್ಲಿದೆ ಅಂತ. ಇಪ್ಪತ್ತೆರಡನೇ ದಿನ, ಮಾರ್ಚ್ 6ರ ಶುಕ್ರವಾರ ಸಂಜೆ ಇನ್ನೊಂದು ಬಂತು, ಮೂರು ಸಾಲು, ನಮ್ಮ ತೀರ್ಮಾನ ಬದಲಾಗುವುದಿಲ್ಲ ಅಂತ. ಬೇಕಂತಲೇ ಒಂದು ದಿನ ತಡೆದು ಕಳಿಸಿದರೋ, ಕಾಕತಾಳೀಯವೋ, ದೇವರೇ ಬಲ್ಲ. ಅದೇ ಶನಿವಾರ ಕೆಲಸದ ಜಾಹೀರಾತು ನೋಡ್ತಾ ಕೂತಾಗ ನನ್ನದೇ ಹುದ್ದೆ ಕಣ್ಣಿಗೆ ಬಿತ್ತು. ಹೆಸರು ಮಾತ್ರ ಸ್ವಲ್ಪ ಬೇರೆ, ಕೆಲಸದ ವಿವರ ಅಕ್ಷರಕ್ಕೆ ಅಕ್ಷರ ನಾನೇ ಬರೆದಿದ್ದು.

ಸೋಮವಾರ ಮಾರ್ಚ್ 9. ವಿಕ್ಟೋರಿಯಾದಲ್ಲಿ ಲೇಬರ್ ಡೇ ರಜೆ. ಸ್ನೇಹಿತರ ಮನೆಯಲ್ಲಿ ಊಟ. ಅಲ್ಲೊಬ್ಬರು ಅಕ್ಕ ಇದ್ದರು, ತುಮಕೂರಿನವರು, ಆಸ್ಪತ್ರೆಯಲ್ಲಿ ನರ್ಸು, ಅವರ ವಾರ್ಡಿಗೆ ಯೂನಿಯನ್ ಪ್ರತಿನಿಧಿ. ನನ್ನ ಕಥೆಯೆಲ್ಲ ಕೇಳಿಸಿಕೊಂಡು ಬಿಸಿಬೇಳೆಬಾತ್ ತಟ್ಟೆ ಕೆಳಗಿಟ್ಟು ಒಂದೇ ಮಾತು ಕೇಳಿದರು. “ಇಪ್ಪತ್ತೊಂದು ದಿನ ಆಗಿಹೋಯ್ತಾ?”

ಅಂದು ರಾತ್ರಿ ಅರ್ಜಿ ಹಾಕಿದೆ. ಇಪ್ಪತ್ತೈದನೇ ದಿನ. ಏಪ್ರಿಲ್‌ನಲ್ಲಿ ಫೋನ್ ಮೇಲೇ ವಿಚಾರಣೆ ಆಯಿತು. ಕೇಸಿನ ವಿಚಾರಣೆ ಅಲ್ಲ, ನಾಲ್ಕು ದಿನ ತಡ ಯಾಕೆ ಅನ್ನುವುದರ ವಿಚಾರಣೆ. ತಡವಾದ ಅರ್ಜಿಯನ್ನು ತಗೊಳ್ಳಬೇಕಾದರೆ ಅಸಾಧಾರಣ ಕಾರಣ ಇರಬೇಕು ಅಂತ ಕಾಯ್ದೆ ಹೇಳುತ್ತೆ. ನನಗೆ ಕಾನೂನು ಗೊತ್ತಿರಲಿಲ್ಲ ಅಂದರೆ ಅದು ಅಸಾಧಾರಣ ಅಲ್ಲ, ತೀರಾ ಸಾಧಾರಣ. ಕಂಪನಿಯ ಉತ್ತರಕ್ಕೆ ಕಾಯ್ತಿದ್ದೆ ಅಂದೆ, ಅದೂ ನಡೆಯಲಿಲ್ಲ. ಅರ್ಜಿ ವಜಾ. ನನ್ನ ನಾಲ್ಕು ಪುಟವನ್ನೂ ಆ ಜಾಹೀರಾತನ್ನೂ ಓದುವ ಹಂತಕ್ಕೇ ಯಾರೂ ಬರಲಿಲ್ಲ.

ಎಷ್ಟು ಕಳ್ಕೊಂಡೆ? ಪರಿಹಾರದ ಮಿತಿ 26 ವಾರದ ಸಂಬಳ. ಅಷ್ಟೂ ಸಿಗ್ತಿತ್ತು ಅಂತ ನಾನು ಹೇಳೋದಿಲ್ಲ, ಹಾಗೆ ಸಿಗುವುದು ಕಡಿಮೆ. ಆದರೆ ಹುದ್ದೆಯೇ ಇಲ್ಲ ಅಂತ ಹೇಳಿ ಅದೇ ಹುದ್ದೆಗೆ ಜಾಹೀರಾತು ಕೊಟ್ಟಿದ್ದರು. ತೆಗೆಯುವ ಮೊದಲು ನನ್ನ ಜೊತೆ ಮಾತಾಡಬೇಕಿತ್ತು, ಮಾತಾಡಿರಲಿಲ್ಲ. ಬೇರೆ ಟೀಮಿನಲ್ಲಿ ಜಾಗ ಇದೆಯಾ ಅಂತ ನೋಡಬೇಕಿತ್ತು, ನೋಡಿರಲಿಲ್ಲ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ನಿಜವಾದ ರಿಡಂಡೆನ್ಸಿ ಅಲ್ಲ ಅಂತ ವಾದ ಮಾಡಬಹುದು. ಎರಡು ತಿಂಗಳ ಸಂಬಳಕ್ಕಾದರೂ ರಾಜಿ ಆಗ್ತಿತ್ತು ಅಂತ ಆಮೇಲೆ ಕೇಳಿದ ವಕೀಲರೊಬ್ಬರು ಹೇಳಿದರು. ಆ ಒಂದು ಗಂಟೆಗೂ ದುಡ್ಡು ತಗೊಂಡರು.

ನನ್ನ ತಲೆಯಲ್ಲಿ ಯಾಕೆ ಗಡುವಿನ ಯೋಚನೆಯೇ ಬರಲಿಲ್ಲ? ಎರಡು ಕಾರಣ. ಒಂದು, ಆಗ ನಾನು ಕಂಪನಿ ಸ್ಪಾನ್ಸರ್ ಮಾಡುವ 457 ವೀಸಾದಲ್ಲಿದ್ದೆ. ಕೆಲಸ ಹೋದರೆ 90 ದಿನದಲ್ಲಿ ಇನ್ನೊಂದು ಸ್ಪಾನ್ಸರ್ ಹುಡುಕಬೇಕಿತ್ತು. ಆ 90 ತಲೆಯಲ್ಲಿ ಕೂತುಬಿಟ್ಟಿತ್ತು, ಎಲ್ಲದಕ್ಕೂ ಅಷ್ಟು ಟೈಮ್ ಇದೆ ಅಂತ ಒಳಗೊಳಗೇ ನಂಬಿದ್ದೆ. ಈಗಿನ ಹುಡುಗರಿಗೆ ಇದು ಇನ್ನೂ ದೊಡ್ಡ ಗುಂಡಿ, ಯಾಕೆಂದರೆ 2024ರ ಜುಲೈನಿಂದ ಅದರ ಜಾಗಕ್ಕೆ ಬಂದ 482 ವೀಸಾದವರಿಗೆ ಒಂದು ಸಲಕ್ಕೆ 180 ದಿನ ಕೊಡ್ತಾರೆ. ಒಳ್ಳೇ ಬದಲಾವಣೆ, ಸಂದೇಹ ಇಲ್ಲ. ಆದರೆ ಆ 180 ವೀಸಾದ್ದು. ಈ 21 ಬೇರೆ ಕಾಯ್ದೆಯದ್ದು. ಒಂದಕ್ಕೊಂದು ಸಂಬಂಧ ಇಲ್ಲ.

ಎರಡನೇದು ಊರಿನ ಅಭ್ಯಾಸ. ನಮ್ಮಪ್ಪ ಕಾರ್ಖಾನೆಯಲ್ಲಿದ್ದವರು. ಲೇಬರ್ ಕೋರ್ಟ್ ಅಂದರೆ ವರ್ಷಗಟ್ಟಲೆ ನಡೆಯುವ ವ್ಯವಹಾರ ಅಂತ ಕೇಳ್ಕೊಂಡೇ ಬೆಳೆದವನು ನಾನು. ಭಾರತದಲ್ಲಿ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಕೆಲಸದಿಂದ ವಜಾ ಆದ ಕಾರ್ಮಿಕ ಲೇಬರ್ ಕೋರ್ಟಿಗೆ ಹೋಗೋದಕ್ಕೆ ಮೂರು ವರ್ಷ ಟೈಮ್ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧ ಸಂಹಿತೆ ಅದನ್ನು ಎರಡು ವರ್ಷಕ್ಕೆ ಇಳಿಸಿದೆ. ಕಡಿಮೆ ಆಯ್ತು ಅಂತ ಅಲ್ಲಿ ಬೇಜಾರು. ಇಲ್ಲಿ ಇಪ್ಪತ್ತೊಂದು ದಿನ! ಅದೂ ಹೆಚ್ಚಾಗಿದ್ದು. 2013ಕ್ಕೆ ಮೊದಲು ಹದಿನಾಲ್ಕೇ ದಿನ ಇತ್ತು.

ಈಗ ಎಣಿಕೆ ವಿಷಯ, ಇಲ್ಲೂ ಜನ ಎಡವುತ್ತಾರೆ. ಕೆಲಸ ನಿಂತ ದಿನವನ್ನು ಬಿಟ್ಟು ಮಾರನೇ ದಿನದಿಂದ ಒಂದು ಅಂತ ಎಣಿಸಿ. ನನಗೆ ಮಾಡಿದ ಹಾಗೆ ನೋಟಿಸಿನ ಬದಲು ದುಡ್ಡು ಕೊಟ್ಟು ಅವತ್ತೇ ಕಳಿಸಿದರೆ ಅವತ್ತಿಂದಲೇ ಲೆಕ್ಕ. ಎರಡು ವಾರದ ಸಂಬಳ ಬಂದಿದೆ, ಆದ್ದರಿಂದ ಎರಡು ವಾರ ಆದ ಮೇಲೆ ಶುರು ಅಂತ ಅಂದ್ಕೊಂಡರೆ ಮುಗೀತು ನಿಮ್ಮ ಕಥೆ. ನೋಟಿಸ್ ಅವಧಿ ಪೂರ್ತಿ ಕೆಲಸ ಮಾಡಿದರೆ ಮಾತ್ರ ಅದರ ಕೊನೇ ದಿನದಿಂದ. ಇಪ್ಪತ್ತೊಂದನೇ ದಿನ ಶನಿವಾರ, ಭಾನುವಾರ ಇಲ್ಲವೇ ಸರ್ಕಾರಿ ರಜೆ ಬಿದ್ದರೆ ಮುಂದಿನ ಕೆಲಸದ ದಿನದವರೆಗೆ ಹಾಕಬಹುದು. ಆ ಒಂದು ದಯೆ ಇದೆ. ಅದರ ಮೇಲೆ ಭಾರ ಹಾಕಬೇಡಿ. ಮೊದಲನೇ ವಾರದಲ್ಲೇ ಹಾಕಿಬಿಡಿ.

ಅರ್ಜಿ ಅಂದರೆ ಭಯಪಡುವಂಥದ್ದೇನಲ್ಲ. ಎಫ್2 ಅಂತ ಫಾರ್ಮ್, ಆನ್‌ಲೈನ್‌ನಲ್ಲೇ ತುಂಬಬಹುದು. ಶುಲ್ಕ 90 ಡಾಲರ್ ಹತ್ತಿರ. ಕಷ್ಟ ಇದೆ ಅಂತ ಬರೆದುಕೊಟ್ಟರೆ ಅದನ್ನೂ ಬಿಡಬಹುದು. ವಕೀಲರು ಬೇಕೇ ಬೇಕು ಅಂತಿಲ್ಲ. ಏನಾಯ್ತು, ಯಾಕೆ ಸರಿಯಿಲ್ಲ, ಎರಡು ಪ್ಯಾರಾ ಸಾಕು. ನಮ್ಮವರು ಇಲ್ಲೇ ತಪ್ಪು ಮಾಡೋದು, ಸುಪ್ರೀಂ ಕೋರ್ಟಿಗೆ ಹೋಗೋ ಹಾಗೆ ದಾಖಲೆ ಜೋಡಿಸ್ತಾ ಕೂತು ದಿನ ಕಳೀತಾರೆ. ಮೊದಲು ಹಾಕಿ, ದಾಖಲೆ ಆಮೇಲೆ ಕೊಡಬಹುದು. ಅರ್ಜಿ ಹಾಕಿದ ಮೇಲೂ ಕಂಪನಿ ಜೊತೆ ಮಾತಾಡಬಹುದು, ಮಾತು ಕುದುರಿದರೆ ಅರ್ಜಿ ವಾಪಸ್ ತಗೊಳ್ಳಬಹುದು. ಅರ್ಜಿ ಹಾಕಿದರೆ ಕಂಪನಿಗೆ ಕೋಪ ಬರುತ್ತಲ್ವಾ ಅಂತ ಒಬ್ಬ ಕೇಳಿದ. ಅಯ್ಯೋ ಮಾರಾಯ, ತೆಗೆದು ಹಾಕಿದ ಮೇಲೆ ಇನ್ನು ಕೋಪ ಬಂದರೇನು ಬಿಟ್ಟರೇನು!

ಇನ್ನೊಂದು ಗೊಂದಲ, ಹೆಸರಿನದ್ದು. ಫೇರ್ ವರ್ಕ್ ಕಮಿಷನ್ ಬೇರೆ, ಫೇರ್ ವರ್ಕ್ ಆಂಬುಡ್ಸ್‌ಮನ್ ಬೇರೆ. ಸಂಬಳ ಕಮ್ಮಿ ಕೊಟ್ಟರು, ಪೇಸ್ಲಿಪ್ ಕೊಡಲ್ಲ, ರಜೆ ದುಡ್ಡು ಕೊಡಲ್ಲ, ಇಂಥದ್ದಕ್ಕೆ ಆಂಬುಡ್ಸ್‌ಮನ್. ಕೆಲಸದಿಂದ ತೆಗೆದರು ಅನ್ನೋದಕ್ಕೆ ಕಮಿಷನ್. ಪೊಲೀಸ್ ಸ್ಟೇಷನ್ನಿಗೂ ಕೋರ್ಟಿಗೂ ಇರುವಷ್ಟು ವ್ಯತ್ಯಾಸ. ಒಂದು ಕಡೆ ಮೇಲ್ ಹಾಕಿದ್ದೀನಿ ಅಂದರೆ ಇನ್ನೊಂದು ಕಡೆಯ ಗಡಿಯಾರ ನಿಲ್ಲೋದಿಲ್ಲ. ಮೈಸೂರಿನ ಹುಡುಗಿಯೊಬ್ಬಳು ತಪ್ಪು ಬಾಗಿಲು ತಟ್ಟಿ ಒಂಬತ್ತು ದಿನ ಕಳೆದು, ಕೊನೆಗೆ ಇಪ್ಪತ್ತನೇ ದಿನ ಸರಿಯಾದ ಬಾಗಿಲಿಗೆ ಬಂದಳು. ಅವಳ ಅದೃಷ್ಟ ಚೆನ್ನಾಗಿತ್ತು.

ಹಾಗಂತ ಎಲ್ಲರೂ ಅರ್ಜಿ ಹಾಕೋಕಾಗಲ್ಲ. ಆರು ತಿಂಗಳು ಕೆಲಸ ಮಾಡಿರಬೇಕು, ಹದಿನೈದಕ್ಕಿಂತ ಕಮ್ಮಿ ಜನ ಇರುವ ಸಣ್ಣ ಕಂಪನಿಯಾದರೆ ಒಂದು ವರ್ಷ. ಸಂಬಳಕ್ಕೂ ಮಿತಿ ಇದೆ, 2025ರ ಜುಲೈನಿಂದ ಅದು ವರ್ಷಕ್ಕೆ 1,83,100 ಡಾಲರ್. ನನ್ನ ಸಂಬಳ ಅದಕ್ಕಿಂತ ಜಾಸ್ತಿ, ನಂಗೆ ಅನ್ವಯಿಸಲ್ಲ ಅಂತ ದೊಡ್ಡ ಸಂಬಳದ ಐಟಿ ಮಂದಿ ಕೈಬಿಡ್ತಾರೆ. ತಡೀರಿ. ಅವಾರ್ಡ್ ಅಡಿಯಲ್ಲಿ ಬರುವವರಿಗೆ ಈ ಮಿತಿ ಇಲ್ಲ. ಅವಾರ್ಡ್ ಅಂದರೆ ಪ್ರಶಸ್ತಿ ಅಲ್ಲ ಮತ್ತೆ, ಒಂದೊಂದು ವೃತ್ತಿಗೆ ಸಂಬಳ, ಭತ್ಯೆ, ಶಿಫ್ಟ್ ಎಲ್ಲ ಗೊತ್ತುಮಾಡುವ ನಿಯಮಗಳ ಕಟ್ಟು. ನೂರಿಪ್ಪತ್ತರ ಆಸುಪಾಸು ಇವೆ. ಐಟಿಯ ಎಷ್ಟೋ ಎಂಜಿನಿಯರುಗಳು ಪ್ರೊಫೆಷನಲ್ ಎಂಪ್ಲಾಯೀಸ್ ಅವಾರ್ಡ್ ಅಡಿಯಲ್ಲಿ ಬರ್ತಾರೆ, ಅವರಿಗೇ ಅದು ಗೊತ್ತಿರಲ್ಲ. ಪೂರ್ತಿ ಮ್ಯಾನೇಜರ್ ಆದವರು ಬರದೇ ಇರಬಹುದು. ಆಫರ್ ಲೆಟರ್‌ನಲ್ಲಿ ಅವಾರ್ಡ್ ಹೆಸರು ಇಲ್ಲ ಅಂದ ಮಾತ್ರಕ್ಕೆ ನೀವು ಅದರ ಹೊರಗೆ ಅಂತಲ್ಲ, ನಿಮ್ಮ ಕೆಲಸ ಏನು ಅನ್ನೋದರ ಮೇಲೆ ಹೋಗುತ್ತೆ.

ಆರು ತಿಂಗಳು ಆಗಿಲ್ಲ ಅನ್ನುವವರಿಗೂ ಒಂದು ಸಂದಿ ಇದೆ. ಬಸುರಿ ಅಂತ, ಹುಷಾರಿಲ್ಲ ಅಂತ ರಜೆ ಹಾಕಿದೆ ಅಂತ, ಸಂಬಳ ಸರಿ ಕೊಡಿ ಅಂತ ಕೇಳಿದೆ ಅಂತ, ಬಣ್ಣ ಜನಾಂಗ ಧರ್ಮದ ಕಾರಣಕ್ಕೆ ಅಂತ ತೆಗೆದರೆ ಅದು ಜನರಲ್ ಪ್ರೊಟೆಕ್ಷನ್ಸ್ ಅನ್ನುವ ಬೇರೆ ದಾರಿ, ಎಫ್8 ಫಾರ್ಮ್. ಅದಕ್ಕೆ ಆರು ತಿಂಗಳ ಷರತ್ತೂ ಇಲ್ಲ, ಸಂಬಳದ ಮಿತಿಯೂ ಇಲ್ಲ. ಗಡುವು ಮಾತ್ರ ಅದೇ ಇಪ್ಪತ್ತೊಂದು.

ಈಗ ನಮ್ಮವರ ಇನ್ನೊಂದು ಕೆಟ್ಟ ಚಾಳಿಗೆ ಬರ್ತೀನಿ. ಬೆಂಗಳೂರಿನ ಐಟಿಯಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ರೂಮಿಗೆ ಕರೀತಾರೆ, ನೀವೇ ರಾಜೀನಾಮೆ ಕೊಟ್ಟುಬಿಡಿ, ನಿಮ್ಮ ದಾಖಲೆ ಚೆನ್ನಾಗಿರುತ್ತೆ, ರಿಲೀವಿಂಗ್ ಲೆಟರ್ ಕೊಡ್ತೀವಿ ಅಂತಾರೆ. ಆ ಒಂದು ಕಾಗದಕ್ಕೆ ಹೆದರಿ ನಾವು ಸಹಿ ಹಾಕ್ತೀವಿ. ಇಲ್ಲಿಗೆ ಬಂದ ಮೇಲೂ ಆ ಹೆದರಿಕೆ ಹೋಗಲ್ಲ. ಕಳೆದ ವರ್ಷ ಹಾಸನದ ಒಬ್ಬ, ಎಂಟು ವರ್ಷ ಅನುಭವದವನು, ಮ್ಯಾನೇಜರ್ ಹೇಳಿದ ಅಂತ ಐದು ನಿಮಿಷದಲ್ಲಿ ರಾಜೀನಾಮೆ ಟೈಪ್ ಮಾಡಿ ಕಳಿಸಿಬಿಟ್ಟ. ಇಲ್ಲಿ ರಿಲೀವಿಂಗ್ ಲೆಟರ್ ಅನ್ನೋದು ಯಾರೂ ಕೇಳೋದೇ ಇಲ್ಲ! ಹೊಸ ಕಂಪನಿಯವರು ನಿಮ್ಮ ಹಳೇ ಬಾಸ್ ಒಬ್ಬರಿಗೆ ಫೋನ್ ಮಾಡಿ ಹೇಗೆ ಕೆಲಸ ಮಾಡ್ತಿದ್ದ ಅಂತ ಕೇಳ್ತಾರೆ, ಅಷ್ಟೇ.

ರಾಜೀನಾಮೆ ಕೊಟ್ಟರೆ ಏನಾಗುತ್ತೆ ಅಂದರೆ, ಕಾನೂನಿನ ಕಣ್ಣಲ್ಲಿ ನಿಮ್ಮನ್ನು ಯಾರೂ ತೆಗೆದಿಲ್ಲ. ಬಲವಂತ ಮಾಡಿದರು, ಬೇರೆ ದಾರಿಯೇ ಇರಲಿಲ್ಲ ಅಂತ ನೀವೇ ತೋರಿಸಬೇಕು. ಸಾಧ್ಯ ಇದೆ, ಸುಲಭ ಅಲ್ಲ. ರಿಡಂಡೆನ್ಸಿ ದುಡ್ಡೂ ಹೋಯ್ತು. ಅವನಿಗೆ ಅಲ್ಲಿ ನಾಲ್ಕು ವರ್ಷ ತುಂಬಿತ್ತು, ನಿಜವಾಗಿ ಹುದ್ದೆ ಹೋಗಿದ್ದರೆ ಎಂಟು ವಾರದ ಸಂಬಳ ಬರ್ತಿತ್ತು, ಅದರಲ್ಲಿ ಒಂದು ಮಿತಿಯವರೆಗೆ ತೆರಿಗೆಯೂ ಇರ್ತಿರಲಿಲ್ಲ. ಯಾರಾದರೂ ರೂಮಿಗೆ ಕರೆದು ಕಾಗದ ಮುಂದಿಟ್ಟರೆ ಒಂದೇ ಮಾತು ಕಲ್ತಿಟ್ಟುಕೊಳ್ಳಿ: ಮನೆಗೆ ತಗೊಂಡು ಹೋಗಿ ಓದಿ ಹೇಳ್ತೀನಿ. ಯಾರೂ ನಿಮ್ಮನ್ನು ಕಟ್ಟಿಹಾಕಲ್ಲ.

ಯಾವ ಪದ್ಧತಿ ಒಳ್ಳೇದು? ಊರಿಗೆ ಹೋದಾಗಲೆಲ್ಲ ನಮ್ಮ ಭಾವಮೈದುನನ ಜೊತೆ ಇದೇ ಜಗಳ. ಭಾರತದ ಕಾನೂನಿನಲ್ಲಿ ದೊಡ್ಡ ಕಾರ್ಖಾನೆಯವರು ಜನರನ್ನು ಮನೆಗೆ ಕಳಿಸಬೇಕಾದರೆ ಸರ್ಕಾರದ ಅನುಮತಿ ಬೇಕು. ಮೊದಲು ನೂರು ಜನ ಇದ್ದರೆ ಸಾಕಿತ್ತು, ಹೊಸ ಸಂಹಿತೆಯಲ್ಲಿ ಮುನ್ನೂರಾಗಿದೆ. ಇಲ್ಲಿ ಅಂಥ ಅನುಮತಿಯೇ ಇಲ್ಲ. ಹದಿನೈದು ಅಥವಾ ಹೆಚ್ಚು ಜನರನ್ನು ತೆಗೆದರೆ ಸರ್ಕಾರಕ್ಕೆ ಲಿಖಿತವಾಗಿ ತಿಳಿಸಬೇಕು, ಅಷ್ಟೇ. ಕಾಗದದ ಮೇಲೆ ನಮ್ಮದೇ ಗಟ್ಟಿ ಅಂತ ಅವನು. ಕಾಗದದ ಮೇಲೆ ಅಂತ ನಾನು. ಅಲ್ಲಿ ಲೇಬರ್ ಕೋರ್ಟಿನಲ್ಲಿ ಗೆದ್ದು ಬರುವಷ್ಟರಲ್ಲಿ ಮಗಳ ಮದುವೆ ಮುಗಿದಿರುತ್ತೆ. ಇಲ್ಲಿ ಅರ್ಜಿ ಹಾಕಿದ ಕೆಲವೇ ವಾರಕ್ಕೆ ಕಮಿಷನ್ನಿನವರು ಎರಡೂ ಕಡೆಯವರನ್ನು ಫೋನಿನಲ್ಲಿ ಕೂರಿಸಿ ಮಾತಾಡಿಸ್ತಾರೆ, ಹೆಚ್ಚಿನವು ಅಲ್ಲೇ ರಾಜಿಯಾಗಿ ಮುಗಿಯುತ್ತವೆ. ನನಗೆ ಇದೇ ಇಷ್ಟ. ಗಡುವು ಮಾತ್ರ ಅನ್ಯಾಯ ಅಂತ ಇವತ್ತಿಗೂ ಹೇಳ್ತೀನಿ. ಭಾಷೆ ಗೊತ್ತಿದ್ದು, ಇಲ್ಲೇ ಹುಟ್ಟಿದವನಿಗೆ ಇಪ್ಪತ್ತೊಂದು ದಿನ ಸಾಕು. ವೀಸಾ, ಬಾಡಿಗೆ, ಮಗುವಿನ ಶಾಲೆ ಅಂತ ತಲೆ ಕೆಟ್ಟಿರುವವನಿಗೆ ಸಾಲದು.

ಈ ದೇಶದಲ್ಲಿ ಕಾರ್ಮಿಕ ಕಾನೂನಿಗೆ ಕೈ ಹಾಕುವುದು ಜೇನುಗೂಡಿಗೆ ಕೈ ಹಾಕಿದ ಹಾಗೆ. 1929ರಲ್ಲಿ ಪ್ರಧಾನಿ ಸ್ಟಾನ್ಲಿ ಬ್ರೂಸ್ ಮಾಲೀಕರ ಮತ್ತು ಕಾರ್ಮಿಕರ ಜಗಳ ಬಗೆಹರಿಸುವ ಕೇಂದ್ರದ ಪಂಚಾಯ್ತಿ ವ್ಯವಸ್ಥೆಯನ್ನು ಹೆಚ್ಚುಕಮ್ಮಿ ಕೈಬಿಡಲು ಹೊರಟರು. ಚುನಾವಣೆ ಸೋತರು, ಸ್ವಂತ ಕ್ಷೇತ್ರವನ್ನೂ ಸೋತರು. ಸೋಲಿಸಿದವರು ಮೆಲ್ಬರ್ನ್ ಟ್ರೇಡ್ಸ್ ಹಾಲ್‌ನ ಯೂನಿಯನ್ ನಾಯಕ ಹಾಲೊವೇ. ಮತ್ತೆ 2005ರಲ್ಲಿ ಜಾನ್ ಹೋವರ್ಡ್ ವರ್ಕ್‌ಚಾಯ್ಸಸ್ ಅಂತ ತಂದರು, ನೂರು ಮತ್ತು ಅದಕ್ಕಿಂತ ಕಮ್ಮಿ ಜನ ಇರುವ ಕಂಪನಿಯವರಿಗೆ ಅನ್ಯಾಯದ ವಜಾ ಅನ್ನುವ ದೂರೇ ಅನ್ವಯಿಸದ ಹಾಗೆ ಮಾಡಿದರು. 2007ರಲ್ಲಿ ಅವರೂ ಚುನಾವಣೆ ಸೋತರು, ಅವರೂ ಸ್ವಂತ ಕ್ಷೇತ್ರ ಸೋತರು. ಆಸ್ಟ್ರೇಲಿಯಾದ ಚರಿತ್ರೆಯಲ್ಲಿ ಕೂತ ಕುರ್ಚಿಯಲ್ಲೇ ಕ್ಷೇತ್ರ ಕಳ್ಕೊಂಡ ಪ್ರಧಾನಿಗಳು ಈ ಇಬ್ಬರೇ, ಇಬ್ಬರ ಸೋಲಿನಲ್ಲೂ ಕಾರ್ಮಿಕ ಕಾನೂನಿನ ಪಾಲು ದೊಡ್ಡದು. ಈಗಿನ ಫೇರ್ ವರ್ಕ್ ಕಾಯ್ದೆ ಅದಾದ ಮೇಲೆ, 2009ರಲ್ಲಿ ಬಂದಿದ್ದು.

2022ರಿಂದ ಈಚೆಗೆ ಮತ್ತೆ ಬಹಳ ತಿದ್ದುಪಡಿ ಆಗಿವೆ, ಹೆಚ್ಚಿನವು ಕೆಲಸಗಾರರ ಪರ. ಸಂಬಳ ಎಷ್ಟು ಅಂತ ಸಹೋದ್ಯೋಗಿಗೆ ಹೇಳಬಾರದು ಅನ್ನುವ ಷರತ್ತು ಈಗ ನಡೆಯಲ್ಲ. ಬೇಕಂತಲೇ ಸಂಬಳ ಕಮ್ಮಿ ಕೊಡುವುದು 2025ರ ಜನವರಿ 1ರಿಂದ ಕ್ರಿಮಿನಲ್ ಅಪರಾಧ, ಹತ್ತು ವರ್ಷದವರೆಗೆ ಜೈಲು. ಕ್ಯಾಶುವಲ್ ಅಂತ ಸೇರಿಸ್ಕೊಂಡು ವರ್ಷಗಟ್ಟಲೆ ಒಂದೇ ರೋಸ್ಟರ್‌ನಲ್ಲಿ ದುಡಿಸುವವರಿಗೂ ಲಗಾಮು ಬಿದ್ದಿದೆ, ಆರು ತಿಂಗಳು ಆದ ಮೇಲೆ ನೀವೇ ಬರೆದು ಪರ್ಮನೆಂಟ್ ಮಾಡಿ ಅಂತ ಕೇಳಬಹುದು, ಸಣ್ಣ ಕಂಪನಿಯಲ್ಲಿ ಒಂದು ವರ್ಷ. ಅವರು ಉತ್ತರ ಕೊಡೋಕೆ ಎಷ್ಟು ದಿನ ಗೊತ್ತಾ? ಇಪ್ಪತ್ತೊಂದು! ಆದರೆ ಕೇಳುವ ಮೊದಲು ಲೆಕ್ಕ ಹಾಕಿ, ಕ್ಯಾಶುವಲ್‌ಗೆ ಸಿಗುವ 25 ಪರ್ಸೆಂಟ್ ಹೆಚ್ಚುವರಿ ಹೋಗುತ್ತೆ, ಬದಲಿಗೆ ರಜೆ ಬರುತ್ತೆ.

ಕಚೇರಿ ಮುಗಿದ ಮೇಲೆ ಫೋನ್ ಎತ್ತದೇ ಇರುವ ಹಕ್ಕು 2024ರ ಆಗಸ್ಟ್ 26ರಿಂದ ಬಂದಿದೆ. ಬೆಂಗಳೂರಿನ ಟೀಮ್ ಜೊತೆ ಕೆಲಸ ಮಾಡುವವರು ಇದನ್ನು ಓದಿ ನಗಬೇಡಿ. ಬೇಸಿಗೆಯಲ್ಲಿ ಇಲ್ಲಿಗೂ ಅಲ್ಲಿಗೂ ಐದೂವರೆ ಗಂಟೆ ವ್ಯತ್ಯಾಸ, ಅವರ ಸಂಜೆ ಆರು ನಮಗೆ ರಾತ್ರಿ ಹನ್ನೊಂದೂವರೆ. ನನ್ನ ಹೆಂಡತಿ ಎರಡು ವರ್ಷ ಆ ಕಾಲ್‌ಗೆ ಎದ್ದು ಕೂತಳು. ಹಕ್ಕು ಬಂದ ಮೇಲೆ ಒಂದು ಮೇಲ್ ಹಾಕಿದಳು, ಒಂಬತ್ತರ ನಂತರ ಸಿಗಲ್ಲ ಅಂತ. ಏನೂ ಆಗಲಿಲ್ಲ, ಕಾಲ್ ಅವರ ಮಧ್ಯಾಹ್ನಕ್ಕೆ ಬಂತು. ನಿರಾಕರಿಸುವುದು ನ್ಯಾಯ ಅಲ್ಲ ಅನ್ನುವಂಥ ಕೆಲಸಗಳೂ ಇವೆ, ಆನ್‌ಕಾಲ್‌ಗೆ ಅಂತಲೇ ದುಡ್ಡು ತಗೊಳ್ಳುವವರು ಈ ಹಕ್ಕು ಹಿಡ್ಕೊಂಡು ಕೂರೋಕಾಗಲ್ಲ.

ಓದಲು ಬಂದ ಮಕ್ಕಳಿಗೆ ಒಂದು ಮಾತು. ರೆಸ್ಟೋರೆಂಟಿನಲ್ಲಿ ಕೈಗೆ ಕ್ಯಾಶ್, ಗಂಟೆಗೆ ಹನ್ನೆರಡು ಡಾಲರ್, ಪೇಸ್ಲಿಪ್ ಇಲ್ಲ. ಎಷ್ಟೋ ಸಲ ಹಾಗೆ ಕೊಡುವವರು ನಮ್ಮ ದೇಶದವರೇ, ಇದನ್ನು ಹೇಳೋಕೆ ನಾಚಿಕೆ ಆಗುತ್ತೆ. ಮಂಡ್ಯದ ಹುಡುಗನೊಬ್ಬ ಕೇಳಿದ್ದಕ್ಕೆ, ನೀನು ಎರಡು ವಾರಕ್ಕೆ ಸ್ಟೂಡೆಂಟ್ ವೀಸಾದ ಮಿತಿ 48 ಗಂಟೆ ಮೀರಿ ಕೆಲಸ ಮಾಡಿದ್ದೀಯ, ದೂರು ಕೊಟ್ಟರೆ ನಿನ್ನ ವೀಸಾ ಹೋಗುತ್ತೆ ಅಂತ ಹೆದರಿಸಿದ್ದರು. 2024ರ ಜುಲೈನಿಂದ ಹೀಗೆ ವೀಸಾ ತೋರಿಸಿ ಹೆದರಿಸುವುದೇ ಅಪರಾಧ. ವೀಸಾ ಷರತ್ತು ಮುರಿದಿದ್ದರೂ ದುಡಿದ ಸಂಬಳ ನಿಮ್ಮದೇ ಅಂತ ಕಾಯ್ದೆಯಲ್ಲೇ ಬರೆದಿದ್ದಾರೆ. ಬಾಕಿ ಸಂಬಳಕ್ಕೆ ಆರು ವರ್ಷ ಹಿಂದಿನವರೆಗೂ ಕೇಳಬಹುದು, ಇದಕ್ಕೆ ಇಪ್ಪತ್ತೊಂದು ದಿನದ ಕಾಟ ಇಲ್ಲ. ಎಷ್ಟು ಗಂಟೆ ಮಾಡಿದಿರಿ ಅನ್ನುವುದನ್ನು ದಿನಾ ಫೋನಿನಲ್ಲಿ ಬರೆದಿಡಿ. ಆ ಹುಡುಗ ಅಮ್ಮನಿಗೆ ದಿನಾ ಕೆಲಸ ಮುಗೀತು ಅಂತ ಹಾಕ್ತಿದ್ದ ವಾಟ್ಸಾಪ್ ಮೆಸೇಜುಗಳೇ ಕೊನೆಗೆ ಅವನ ಲೆಕ್ಕದ ಪುಸ್ತಕ ಆದವು.

ಎಬಿಎನ್, ಅಂದರೆ ಸ್ವಂತ ವ್ಯಾಪಾರ ಮಾಡುವವರ ನಂಬರ್, ಮಾಡಿಸ್ಕೊಂಡು ಬಾ, ನಿನಗೆ ಜಾಸ್ತಿ ಕೊಡ್ತೀವಿ ಅಂದರೂ ಹುಷಾರು. ದಿನಾ ಅವರು ಹೇಳಿದ ಟೈಮಿಗೆ, ಅವರು ಹೇಳಿದ ಕೆಲಸ ಮಾಡಿದರೆ ನೀವು ಕಂಟ್ರಾಕ್ಟರ್ ಅಲ್ಲ, ಅವರು ಸೂಪರ್, ರಜೆ ಉಳಿಸ್ತಿದ್ದಾರೆ ಅಷ್ಟೇ.

ಯೂನಿಯನ್ ಬಗ್ಗೆ ಹೇಳದಿದ್ದರೆ ಆ ತುಮಕೂರಿನ ಅಕ್ಕ ಬಿಡಲ್ಲ. ಐಟಿಯವರಿಗೆ ಯೂನಿಯನ್ ಅಂದರೆ ಕೆಂಪು ಬಾವುಟ, ಬಂದ್, ಕಲ್ಲು. ಇಲ್ಲಿ ಹಾಗಲ್ಲ, ಮನಸ್ಸಿಗೆ ಬಂದಾಗ ಹೊರಗೆ ಹೋಗೋ ಹಾಗೂ ಇಲ್ಲ. ಸಂಬಳ, ಷರತ್ತುಗಳ ಬಗ್ಗೆ ಕಂಪನಿ ಜೊತೆ ಹೊಸ ಒಪ್ಪಂದದ ಮಾತುಕತೆ ನಡೀತಿರುವಾಗ, ಮತ ಹಾಕಿಸಿ, ನೋಟಿಸ್ ಕೊಟ್ಟು ಮುಷ್ಕರ ಮಾಡಬೇಕು. ಹಾಗಲ್ಲದೇ ಸುಮ್ನೆ ಅರ್ಧ ಗಂಟೆ ಎದ್ದು ಹೋದರೂ ಕಡೇಪಕ್ಷ ನಾಲ್ಕು ಗಂಟೆ ಸಂಬಳ ಕತ್ತರಿಸಲೇಬೇಕು ಅಂತ ಕಾನೂನಿದೆ. ಸದಸ್ಯತ್ವದ ಶುಲ್ಕಕ್ಕೆ ತೆರಿಗೆ ವಿನಾಯ್ತಿ ಇದೆ. ತೊಂದರೆ ಬಂದ ಮೇಲೆ ಸೇರ್ತೀನಿ ಅಂದರೆ ಹಳೇ ತೊಂದರೆಗೆ ಸಾಮಾನ್ಯವಾಗಿ ಸಹಾಯ ಮಾಡಲ್ಲ, ಮನೆಗೆ ಬೆಂಕಿ ಬಿದ್ದ ಮೇಲೆ ಇನ್ಶೂರೆನ್ಸ್ ಮಾಡಿಸಿದ ಹಾಗೆ. ನಾನು 2015ರ ಮಾರ್ಚ್‌ನಲ್ಲಿ ಸೇರೋಕೆ ಹೋಗಿದ್ದೆ, ಅದೇ ಉತ್ತರ ಸಿಕ್ಕಿತ್ತು.

ಹೊಸಬರು ಯಾರಾದರೂ ಮೆಲ್ಬರ್ನ್ ಊರು ತೋರಿಸು ಅಂದರೆ ನಾನು ರಸೆಲ್ ಸ್ಟ್ರೀಟ್ ಮತ್ತು ವಿಕ್ಟೋರಿಯಾ ಸ್ಟ್ರೀಟ್ ಸೇರುವ ಮೂಲೆಗೆ ಕರ್ಕೊಂಡು ಹೋಗ್ತೀನಿ. ಅಲ್ಲೊಂದು ಕಂಬ ಇದೆ, ತುದಿಯಲ್ಲಿ 888 ಅಂತ ಬರೆದ ಸ್ಮಾರಕ. ಎಂಟು ಗಂಟೆ ಕೆಲಸ, ಎಂಟು ಗಂಟೆ ನಿಮ್ಮದು, ಎಂಟು ಗಂಟೆ ನಿದ್ದೆ. 1856ರ ಏಪ್ರಿಲ್ 21ರಂದು ಇಲ್ಲಿನ ಯೂನಿವರ್ಸಿಟಿ ಕಟ್ಟುತ್ತಿದ್ದ ಕಲ್ಲುಕುಟಿಗರು ಉಳಿ ಸುತ್ತಿಗೆ ಕೆಳಗಿಟ್ಟು ಪಾರ್ಲಿಮೆಂಟಿನ ಕಡೆ ನಡೆದರು. ನಾನು ಗಡುವು ಮುಗಿದಿದ್ದನ್ನು ತಿಳ್ಕೊಂಡ ಆ ಲೇಬರ್ ಡೇ ರಜೆ ಅವರ ಹೆಸರಲ್ಲೇ ಕೊಡುವಂಥದ್ದು. ಮೊದಮೊದಲು ಆ ಕಂಬ ನೋಡಿದರೆ ಹೊಟ್ಟೆ ಉರೀತಿತ್ತು. ಈಗ ಅದರ ಕೆಳಗೆ ಕೂತು ಕಾಫಿ ಕುಡೀತೀನಿ.

ಆ ಶನಿವಾರ ದಾವಣಗೆರೆ ಹುಡುಗ ಹತ್ತು ನಿಮಿಷಕ್ಕೆ ಬಂದ. ನಮ್ಮ ಊಟದ ಮೇಜಿನ ಮೇಲೇ ಫಾರ್ಮ್ ತೆರೆದೆವು. ಕಂಪನಿ ಹೆಸರಿನ ಜಾಗದಲ್ಲಿ ಅವನು ಎಲ್ಲರೂ ಕರೆಯುವ ಹೆಸರು ಬರೆದ. ಪೇಸ್ಲಿಪ್ ತೆಗೆಸಿ ಅದರಲ್ಲಿದ್ದ ಹೆಸರು ಹಾಕಿಸಿದೆ. ಕೆಲಸ ನಿಂತ ದಿನಾಂಕ ಅಂದಲ್ಲಿ ಅವನಿಗೆ ಅನುಮಾನ ಬಂತು, ಪತ್ರದಲ್ಲಿ ಒಂದಿತ್ತು, ಪೇಸ್ಲಿಪ್‌ನಲ್ಲಿ ಇನ್ನೊಂದು. ಹಿಂದಿನದ್ದೇ ಲೆಕ್ಕಕ್ಕೆ ಇಟ್ಟುಕೋ, ಹೇಗೂ ಎರಡೂ ಒಳಗೇ ಇವೆ ಅಂದೆ. ನಲವತ್ತು ನಿಮಿಷದಲ್ಲಿ ಮುಗೀತು. ಅರ್ಜಿ ಸೇರಿದೆ ಅಂತ ಮೇಲ್ ಬಂದ ಮೇಲೆ ಅವನು ಮೂರು ದೋಸೆ ತಿಂದ, ಹಿಟ್ಟು ಆಗಲೇ ಹುಳಿಯಾಗಿತ್ತು, ಏನೂ ಅನ್ನಲಿಲ್ಲ.

ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅವನ ಫೋನ್ ಮಾತುಕತೆ ಇದೆ. ಎಷ್ಟು ವಾರಕ್ಕೆ ಒಪ್ಪಬೇಕಣ್ಣ ಅಂತ ದಿನಾ ಕೇಳ್ತಾನೆ. ಮನಸ್ಸಲ್ಲಿ ಒಂದು ಸಂಖ್ಯೆ ಇಟ್ಟುಕೋ, ಮೊದಲು ಅವರು ಹೇಳಲಿ, ಫೋನ್ ಚಾರ್ಜ್ ಮಾಡಿಟ್ಟುಕೋ ಅಂದಿದ್ದೇನೆ. ಎಚ್‌ಆರ್‌ನವರು ಉತ್ತರ ಕೊಡ್ತೀವಿ ಅಂದಿದ್ದ ಮೇಲ್ ಇವತ್ತಿನವರೆಗೂ ಬಂದಿಲ್ಲ.